ಚಿತ್ರದ ಬೆನ್ನಿಗೆ ಬರುವ ಬೇಹುಗಾರ

ಕೇಳುಗರೇ, ನಮಸ್ಕಾರ.

ಗೊತ್ತಿಲ್ಲದ ಲಿಂಕ್ ಒತ್ತಬೇಡಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಏನನ್ನೂ ಒತ್ತದಿದ್ದರೂ ಫೋನ್ ಬೇರೆಯವರ ಕೈಗೆ ಹೋಗಬಹುದು. ಒಂದು ಚಿತ್ರ ಬಂದು ಬಿದ್ದರೆ ಸಾಕು. 2023ರ ಸೆಪ್ಟೆಂಬರ್‌ನಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಎಂಬ ಸಂಶೋಧನಾ ತಂಡ ಇಂಥದ್ದೊಂದು ದಾಳಿಯನ್ನು ಪತ್ತೆಹಚ್ಚಿತು. ಆಪಲ್‌ನ ಸಂದೇಶ ಸೇವೆಯಾದ ಐಮೆಸೇಜ್‌ನಲ್ಲಿ ಬಂದ ಚಿತ್ರದ ಮೂಲಕ ಐಫೋನಿನೊಳಗೆ ಪೆಗಾಸಸ್ ಎಂಬ ಬೇಹುಗಾರಿಕೆ ತಂತ್ರಾಂಶ ನುಗ್ಗುತ್ತಿತ್ತು.

ಚಿತ್ರಕ್ಕೆ ಇಷ್ಟು ಶಕ್ತಿ ಎಲ್ಲಿಂದ ಬಂತು? ಹಳೆಯದೊಂದು ಉದಾಹರಣೆ ನೋಡೋಣ. ಜೆಪೆಗ್ ಫೈಲಿನಲ್ಲಿ ಟಿಪ್ಪಣಿ ಬರೆಯಲು ಜಾಗವಿದೆ. ಟಿಪ್ಪಣಿಗೆ ಮುಂಚೆ ಅದರ ಉದ್ದ ಎಷ್ಟು ಅಂತ ಎರಡು ಬೈಟ್‌ಗಳಲ್ಲಿ ಬರೆದಿರುತ್ತದೆ. ಆ ಎರಡು ಬೈಟ್‌ಗಳೂ ಉದ್ದದ ಲೆಕ್ಕಕ್ಕೆ ಸೇರುತ್ತವೆ. ಹಾಗಾಗಿ ಅಲ್ಲಿ 2ಕ್ಕಿಂತ ಕಡಿಮೆ ಇರುವ ಹಾಗಿಲ್ಲ. ಯಾರಾದರೂ ಬೇಕೆಂದೇ 0 ಬರೆದರೆ? ವಿಂಡೋಸ್‌ನ ಚಿತ್ರ ಓದುವ ಕೋಡ್ ಸುಮ್ನೆ ಅದರಲ್ಲಿ 2 ಕಳೆಯುತ್ತಿತ್ತು. ಆ ಲೆಕ್ಕದಲ್ಲಿ ಮೈನಸ್ ಅನ್ನುವುದೇ ಇಲ್ಲ. ಸೊನ್ನೆಗಿಂತ ಕೆಳಗೆ ಹೋದರೆ ಅದು ಸುತ್ತಿ ಬಂದು ಅತಿ ದೊಡ್ಡ ಸಂಖ್ಯೆಯಾಗುತ್ತದೆ. ಉತ್ತರ 400 ಕೋಟಿಗೂ ಜಾಸ್ತಿ! ಅಷ್ಟು ಬೈಟ್ ನಕಲು ಮಾಡಲು ಹೊರಟರೆ ಅಕ್ಕಪಕ್ಕದ ಮೆಮೊರಿಯೆಲ್ಲ ಅಳಿಸಿಹೋಗುತ್ತದೆ. ಮುಂದೆ ಯಾವ ಕೆಲಸ ಮಾಡಬೇಕು ಅನ್ನುವ ವಿವರವೂ ಅಲ್ಲೇ ಇರುತ್ತದೆ. ಅದರ ಮೇಲೆ ದಾಳಿಕೋರ ತನಗೆ ಬೇಕಾದ್ದನ್ನು ಬರೆದರೆ ಕಂಪ್ಯೂಟರ್ ಅವನು ಹೇಳಿದಂತೆ ಕೇಳುತ್ತದೆ. ಮೈಕ್ರೋಸಾಫ್ಟ್ ಇದನ್ನು ಸರಿಪಡಿಸಿದ್ದು 2004ರಲ್ಲಿ.

ಐಫೋನ್ ದಾಳಿ ಬಯಲಾದ ವಾರವೇ ಆಪಲ್ ಮತ್ತು ಸಿಟಿಜನ್ ಲ್ಯಾಬ್‌ನವರು ಗೂಗಲ್‌ಗೂ ಒಂದು ದೋಷ ತಿಳಿಸಿದರು. ಅದು ಇದ್ದದ್ದು ವೆಬ್‌ಪಿ ಅನ್ನುವ ಮಾದರಿಯ ಚಿತ್ರಗಳನ್ನು ಬಿಡಿಸುವ, ಗೂಗಲ್‌ನದೇ ಕೋಡ್ ಆದ ಲಿಬ್‌ವೆಬ್‌ಪಿಯಲ್ಲಿ. ನಾವು ವಾಟ್ಸಾಪ್‌ನಲ್ಲಿ ಕಳಿಸುವ ಸ್ಟಿಕರ್‌ಗಳೂ ವೆಬ್‌ಪಿ ಚಿತ್ರಗಳೇ. ಚಿತ್ರ ಬಿಡಿಸಲು ಬೇಕಾದ ಕೋಷ್ಟಕಗಳಿಗೆ ಎಷ್ಟು ಜಾಗ ಬೇಕೆಂದು ಮೊದಲೇ ಲೆಕ್ಕ ಹಾಕಿಟ್ಟಿದ್ದರು. ಸರಿಯಾದ ಕೋಷ್ಟಕಕ್ಕೆ ಅದು ಸಾಕು. ಆದರೆ ಕೋಷ್ಟಕ ಸರಿಯಿದೆಯೇ ಅಂತ ನೋಡುವ ಮೊದಲೇ ಕೋಡ್ ಅದನ್ನು ತುಂಬಲು ಶುರುಮಾಡುತ್ತಿತ್ತು. ಚಿತ್ರದೊಳಗೆ ತಪ್ಪು ಕೋಷ್ಟಕ ಕೊಟ್ಟರೆ ಜಾಗ ಮೀರಿ ಬರೆದುಬಿಡುತ್ತಿತ್ತು. ಈ ಕೋಡ್ ಬರೆದವರು ಕೈಲಾಗದವರಲ್ಲ. ಅವರು ಬಳಸಿದ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆ ಈ ಗಡಿಯನ್ನು ತಾನಾಗಿ ಕಾಯುವುದಿಲ್ಲ, ಅಷ್ಟೇ. ರಸ್ಟ್‌ನಂಥ ಭಾಷೆ ಕಾಯುತ್ತದೆ. ಚಿತ್ರ ಓದುವ ಕೋಡನ್ನು ಇನ್ನು ಅಂಥ ಭಾಷೆಯಲ್ಲೇ ಬರೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸೆಪ್ಟೆಂಬರ್ 11ಕ್ಕೆ ಈ ದೋಷ ಸರಿಪಡಿಸಿದ ಕ್ರೋಮ್‌ನ ಹೊಸ ಆವೃತ್ತಿ ಬಂತು. ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಎಷ್ಟೋ ಆ್ಯಪ್‌ಗಳು ಲಿಬ್‌ವೆಬ್‌ಪಿಯ ಸ್ವಂತ ಪ್ರತಿಯನ್ನು ಒಳಗೇ ಇಟ್ಟುಕೊಂಡಿರುತ್ತವೆ. ಬ್ರೌಸರ್ ಅಪ್‌ಡೇಟ್ ಮಾಡಿದರೆ ಅವು ಸರಿಹೋಗುವುದಿಲ್ಲ. ಒಂದೊಂದನ್ನೂ ಬೇರೆಬೇರೆಯಾಗಿಯೇ ಅಪ್‌ಡೇಟ್ ಮಾಡಬೇಕು.