ಮೊದಲು ಗೋಡೆ, ಆಮೇಲೆ ನೀರು

ಕೇಳುಗರೆಲ್ಲರಿಗೂ ನಮಸ್ಕಾರ. ಕಾಲೇಜಿನಲ್ಲಿ ಮೂವತ್ತು ವರ್ಷ ಭೂವಿಜ್ಞಾನ ಪಾಠ ಹೇಳಿದ ನನ್ನಂಥವನನ್ನು ಪ್ರವಾಸದ ಬಗ್ಗೆ ಮಾತನಾಡಲು ಕರೆದದ್ದು ಈ ನಿಲಯದವರ ಧೈರ್ಯವೆಂದೇ ಹೇಳಬೇಕು. ಪ್ರವಾಸಿಗರ ಗುಂಪಿನಲ್ಲಿ ಹೋದಲ್ಲೆಲ್ಲ ನಾನು ಉಳಿದವರ ತಾಳ್ಮೆಯನ್ನು ಪರೀಕ್ಷಿಸಿದ್ದೇನೆ. ಜಲಪಾತದ ಮುಂದೆ ಎಲ್ಲರೂ ನೀರಿನ ಕಡೆಗೆ ಮುಖ ಮಾಡಿ, ಮತ್ತೆ ನೀರಿಗೆ ಬೆನ್ನು ಮಾಡಿ ಫೋಟೋ ತೆಗೆಸಿಕೊಳ್ಳುವ ಹೊತ್ತಿನಲ್ಲಿ ನಾನು ನೀರಿನ ಹಿಂದಿರುವ ಬಂಡೆಯನ್ನು ನೋಡುತ್ತಾ ನಿಂತುಬಿಡುತ್ತೇನೆ. ಈ ಹೊತ್ತು ತಾಹಿತಿ ದ್ವೀಪದ ಪಪೆನೋ ಕಣಿವೆಯ ಬಗ್ಗೆ ನಾನು ಹೇಳಬೇಕೆಂದಿರುವುದೂ ಅಷ್ಟೇ: ಮೊದಲು ಗೋಡೆಯನ್ನು ನೋಡಿ, ಆಮೇಲೆ ನೀರನ್ನು ನೋಡಿ. ಈ ಮಾತನ್ನು ಇನ್ನು ಮೂರು ನಾಲ್ಕು ಬಾರಿ ಹೇಳುವವನಿದ್ದೇನೆ, ದಯವಿಟ್ಟು ಸಹಿಸಿಕೊಳ್ಳಿ.

ದಕ್ಷಿಣ ಪೆಸಿಫಿಕ್ ಸಾಗರದ ನಟ್ಟನಡುವೆ, ಸಮಭಾಜಕ ವೃತ್ತದಿಂದ ಸುಮಾರು 17 ಡಿಗ್ರಿ ಕೆಳಗೆ, ತಾಹಿತಿ ಎಂಬ ದ್ವೀಪವಿದೆ. ವಿಸ್ತೀರ್ಣದಲ್ಲಿ ಅದು ನಮ್ಮ ಕೊಡಗು ಜಿಲ್ಲೆಯ ಕಾಲು ಭಾಗದಷ್ಟು, ಅಂದರೆ ಸುಮಾರು 1,040 ಚದರ ಕಿಲೋಮೀಟರ್. ಆದರೆ ಅಷ್ಟು ಚಿಕ್ಕ ನೆಲದ ಮೇಲೆ ಎದ್ದು ನಿಂತಿರುವ ಒರೊಹೆನಾ ಶಿಖರದ ಎತ್ತರ 2,241 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಮುನ್ನೂರು ಮೀಟರ್ ಹೆಚ್ಚು. ಜನರೆಲ್ಲ ಕಡಲಂಚಿನ ಕಿರಿದಾದ ಪಟ್ಟಿಯಲ್ಲಿ ವಾಸಿಸುತ್ತಾರೆ, ಮುಖ್ಯ ರಸ್ತೆಯೂ ಕಡಲನ್ನು ಬಿಟ್ಟು ಹೋಗುವುದಿಲ್ಲ. ಒಳನಾಡಿನ ತುಂಬ ಕಾಡು, ಕಡಿದಾದ ಬೆಟ್ಟ ಮತ್ತು ಮಳೆ. ಆ ಒಳನಾಡನ್ನು ಉತ್ತರದಿಂದ ದಕ್ಷಿಣಕ್ಕೆ ಸೀಳಿಕೊಂಡು ಹೋಗುವ ಮಣ್ಣಿನ ದಾರಿಯೊಂದು ಪಪೆನೋ ಎಂಬ ಕಣಿವೆಯಲ್ಲಿ ಆರಂಭವಾಗುತ್ತದೆ. ದ್ವೀಪದ ಅತಿ ದೊಡ್ಡ ಕಣಿವೆ ಅದೇ.

ರಾಜಧಾನಿಯ ಹೆಸರು ಪಪೇಟೆ. ನಮ್ಮ ಕಿವಿಗೆ ಇದು ಯಾವುದೋ ಹಳೆಯ ಪೇಟೆಯ ಹೆಸರಿನಂತೆ ಕೇಳಿಸಿದರೂ ಅಲ್ಲಿ ‘ಪಪೆ’ ಎಂದರೆ ನೀರು. ನೀರಿಗೆ ಅವರ ಹಳೆಯ ಮಾತು ‘ವೈ’ ಎಂದಿತ್ತು. ಅರಸನ ಹೆಸರಿನಲ್ಲಿ ಆ ಶಬ್ದ ಸೇರಿದ ಮೇಲೆ ಸಾಮಾನ್ಯರು ಅದನ್ನು ಉಚ್ಚರಿಸಬಾರದೆಂಬ ಕಟ್ಟಳೆ ಬಂದು, ‘ಪಪೆ’ ರೂಢಿಗೆ ಬಂತು. ಆದರೂ ಕಾಡಿನ ಒಳಗಿನ ಹೆಸರುಗಳಲ್ಲಿ ‘ವೈ’ ಉಳಿದುಕೊಂಡಿದೆ. ಪಪೆನೋ ಕಣಿವೆಯ ಒಂದು ಜಲಪಾತದ ಹೆಸರು ವೈಹರುರು, ಅಂದರೆ ಭೋರ್ಗರೆಯುವ ನೀರು.

ಪಪೇಟೆಯಿಂದ ಕಡಲಂಚಿನಲ್ಲೇ ಪೂರ್ವಕ್ಕೆ ಸುಮಾರು 17 ಕಿಲೋಮೀಟರ್ ಹೋದರೆ ಪಪೆನೋ ಹೊಳೆಯ ಮುಖ ಸಿಗುತ್ತದೆ. ದಾರಿಯಲ್ಲಿ ವೀನಸ್ ಪಾಯಿಂಟ್ ಎಂಬಲ್ಲಿ ಗಾಡಿ ನಿಲ್ಲಿಸಿ, 1769ರ ಜೂನ್ 3ರಂದು ಕ್ಯಾಪ್ಟನ್ ಕುಕ್ಕನ ತಂಡ ಅಲ್ಲಿಂದ ಶುಕ್ರಗ್ರಹ ಸೂರ್ಯನನ್ನು ಹಾದುಹೋದದ್ದನ್ನು ನೋಡಿತೆಂದು ಹೇಳುತ್ತಾರೆ. ಕೇಳಿಸಿಕೊಳ್ಳಿ, ಆದರೆ ಕಾಲ ಕೆಳಗಿನ ಮರಳನ್ನೂ ನೋಡಿ. ಅದು ಕಪ್ಪಾಗಿರುತ್ತದೆ. ನೀವು ಇನ್ನು ಹೋಗಲಿರುವ ಬೆಟ್ಟವೇ ಪುಡಿಯಾಗಿ, ಹೊಳೆಯಲ್ಲಿ ಕೊಚ್ಚಿಕೊಂಡು ಅಲ್ಲಿಗೆ ಬಂದು ಬಿದ್ದಿದೆ.

ಹೊಳೆಯ ಮುಖದಿಂದ ಒಳಕ್ಕೆ ಸಾಮಾನ್ಯ ಕಾರು ಪ್ರಯೋಜನಕ್ಕೆ ಬಾರದು. ಹಿಂಭಾಗದಲ್ಲಿ ಎದುರುಬದುರು ಬೆಂಚು ಹಾಕಿ, ಮೇಲೆ ಕ್ಯಾನ್ವಾಸ್ ಹೊದಿಸಿದ ಫೋರ್ ವೀಲ್ ಡ್ರೈವ್ ಗಾಡಿಗಳೇ ಬೇಕು. ಕೊಡಚಾದ್ರಿಗೋ ಮಾಂದಲಪಟ್ಟಿಗೋ ಜೀಪಿನಲ್ಲಿ ಹೋದವರಿಗೆ ಸೊಂಟಕ್ಕೆ ಏನಾಗುತ್ತದೆ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ. ಈ ದಾರಿಯನ್ನು ಪ್ರವಾಸಿಗರಿಗೆಂದು ಮಾಡಿದ್ದಲ್ಲ. 1980ರ ದಶಕದಲ್ಲಿ ಶುರುವಾದ ಜಲವಿದ್ಯುತ್ ಯೋಜನೆಗಾಗಿ ಮಾಡಿದರು, ಆಗ ಕೆಲಸಗಾರರಿಗೆ ಕಟ್ಟಿಸಿದ ತಂಗುದಾಣವೇ ಮುಂದೆ ಹೋಟೆಲಾಯಿತು. ಶರಾವತಿ ಕಣಿವೆಯವರಿಗೆ ಇದು ಪರಿಚಿತ ಕಥೆ: ಮೊದಲು ಕರೆಂಟಿನವರು ಬರುತ್ತಾರೆ, ಅವರ ದಾರಿಯಲ್ಲಿ ಉಳಿದವರೆಲ್ಲ ಬರುತ್ತಾರೆ.

ಈಗ ಗೋಡೆಯ ವಿಷಯ. ತಾಹಿತಿ ಎಂದರೆ ಸಮುದ್ರದ ತಳದಿಂದ ಎದ್ದ ಅಗ್ನಿಪರ್ವತ. ಸುಮಾರು 14 ಲಕ್ಷ ವರ್ಷಗಳ ಹಿಂದಿನಿಂದ 2 ಲಕ್ಷ ವರ್ಷಗಳ ಹಿಂದಿನವರೆಗೆ ಅದು ಪದರದ ಮೇಲೆ ಪದರ ಲಾವಾ ಸುರಿಯಿತು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು, ಅದರ ಮುಂದೆ ತಾಹಿತಿ ನಿನ್ನೆ ಹುಟ್ಟಿದ ಮಗು. ಒಂದು ಕಾಲದಲ್ಲಿ ಆ ಪರ್ವತದ ನಡುಭಾಗ ಕುಸಿಯಿತು, ಉತ್ತರದ ಮಗ್ಗುಲು ಸಮುದ್ರದ ಕಡೆಗೆ ಜಾರಿತು. ಉಳಿದ ತಗ್ಗನ್ನು ಮಳೆ ಮತ್ತು ಹೊಳೆ ಕೆತ್ತಿ ಕೆತ್ತಿ ಕಣಿವೆ ಮಾಡಿದವು. ಹಾಗಾಗಿ ಪಪೆನೋದ ಒಳಗೆ ಹೋಗುವವರು ಬೆಟ್ಟದ ಪಕ್ಕದ ಕಣಿವೆಗೆ ಹೋಗುತ್ತಿಲ್ಲ, ಬೆಟ್ಟದ ಹೊಟ್ಟೆಗೇ ಹೋಗುತ್ತಿದ್ದಾರೆ. ಸುತ್ತಲೂ ಕಾಣುವುದು ಆ ಹೊಟ್ಟೆಯ ಗೋಡೆ.

ಗೋಡೆಯನ್ನು ಹೇಗೆ ನೋಡಬೇಕು? ಒಂದೊಂದು ಲಾವಾ ಹರಿವಿನ ನಡುಭಾಗವೂ ನಮ್ಮ ಮನೆಯಂಗಳದ ಕಲ್ಲುಚಪ್ಪಡಿಯಂತೆ ಗಟ್ಟಿಯಾಗಿರುತ್ತದೆ, ಅದರ ಮೇಲೂ ಕೆಳಗೂ ಒಡೆದ ಚೂರುಗಲ್ಲಿನ ಸಡಿಲ ಪದರವಿರುತ್ತದೆ. ಚಪ್ಪಡಿ, ಚೂರು, ಚಪ್ಪಡಿ, ಚೂರು, ಹೀಗೆ ನೂರಾರು ಪದರ. ಮಳೆನೀರು ಸಡಿಲ ಪದರವನ್ನು ಕೊರೆಯುತ್ತದೆ, ಕೆಳಗಿನ ಆಧಾರ ತಪ್ಪಿದ ಚಪ್ಪಡಿ ಮುರಿದು ಬೀಳುತ್ತದೆ, ಗೋಡೆ ಮತ್ತೆ ನೆಟ್ಟಗಾಗುತ್ತದೆ. ಗೋಡೆ ನೆಟ್ಟಗೆ ಉಳಿದಿರುವುದರಿಂದಲೇ ನೀರು ಜಾರಿಕೊಂಡು ಬರದೆ ಧುಮುಕುತ್ತದೆ. ಟೊಪಟಾರಿ, ಪುರಾಹಾ, ವೈಹರುರು, ಎಲ್ಲವೂ ಗೋಡೆಯ ಮಕ್ಕಳು. ಮೊದಲು ಗೋಡೆಯನ್ನು ನೋಡಿ ಎಂದು ಹೇಳುವುದು ಇದಕ್ಕೇ.

ನಾನು ಅಲ್ಲಿಗೆ ಹೋದದ್ದು ಮಾರ್ಚ್ ತಿಂಗಳಲ್ಲಿ. ನವೆಂಬರಿನಿಂದ ಏಪ್ರಿಲ್‌ವರೆಗೆ ಅಲ್ಲಿ ಮಳೆಗಾಲವೆಂಬುದು ಗೊತ್ತಿದ್ದೂ, ಟಿಕೆಟ್ಟು ಅಗ್ಗವೆಂದು ಹೋದೆ. ಗಾಡಿಯ ಹಿಂದೆ ನಾವು ಏಳು ಮಂದಿ, ಮುಂದೆ ಐವತ್ತು ದಾಟಿದ ಸ್ಥಳೀಯ ಚಾಲಕ. ಕೆಳಗೆ ಒಳ್ಳೆಯ ಬಿಸಿಲಿತ್ತು. ಮೂರನೆಯದೋ ನಾಲ್ಕನೆಯದೋ ಹೊಳೆ ದಾಟುವ ಜಾಗಕ್ಕೆ ಬಂದಾಗ ಆತ ಎಂಜಿನ್ ಆರಿಸಿ ಕೆಳಗಿಳಿದ. ನೀರು ಕೆಂಪಗಿತ್ತು, ಆದರೆ ಮೊಣಕಾಲಿಗಿಂತ ಹೆಚ್ಚಿನ ಆಳವಿದ್ದಂತೆ ಕಾಣಲಿಲ್ಲ. ಆತ ತೆಂಗಿನಕಾಯಿ ಗಾತ್ರದ ಕಲ್ಲೊಂದನ್ನು ಎತ್ತಿ ನೀರಿನ ಅಂಚಿಗೆ ಸರಿಯಾಗಿ ಇಟ್ಟು, ಪಕ್ಕದ ಬಂಡೆಯ ಮೇಲೆ ಕುಳಿತುಬಿಟ್ಟ. ಯಾಕೆಂದು ಯಾರೋ ಕೇಳಿದ್ದಕ್ಕೆ ಬೆಟ್ಟದ ಮೇಲ್ಭಾಗವನ್ನು ತೋರಿಸಿದ. ಅಲ್ಲಿ ಮೋಡ ಇಳಿದಿತ್ತು. ಆ ಕಣಿವೆಯ ಮೇಲ್ತುದಿಯಲ್ಲಿ ವರ್ಷದ ಮಳೆ 8 ಮೀಟರ್ ದಾಟುತ್ತದೆ, ಆಗುಂಬೆಯವರೂ ಗೌರವ ಕೊಡಬೇಕಾದ ಮಳೆ ಅದು. ಕೆಳಗೆ ಬಿಸಿಲಿರುವಾಗಲೂ ಮೇಲಿನ ಮಳೆ ಹೊಳೆಯಲ್ಲಿ ಹೊರಟು ಬರುತ್ತಿರುತ್ತದೆ.

ಹತ್ತು ನಿಮಿಷದಲ್ಲಿ ಆ ಕಲ್ಲು ನೀರಿನೊಳಗಿತ್ತು. ಆತ ಗಾಡಿಯನ್ನು ಇಪ್ಪತ್ತು ಮಾರು ಹಿಂದಕ್ಕೆ ತಂದು, ಹೊಸ ಅಂಚಿಗೆ ಇನ್ನೊಂದು ಕಲ್ಲು ಇಟ್ಟ. ಆಮೇಲೆ ನಮ್ಮನ್ನೆಲ್ಲ ಕರೆದು, ಬಾಯಿಯ ಮೇಲೆ ಬೆರಳಿಟ್ಟು, ಕೇಳಿಸಿಕೊಳ್ಳಿ ಎಂದು ಸನ್ನೆ ಮಾಡಿದ. ನೀರಿನ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದಿತ್ತು, ಅಟ್ಟದ ಮೇಲೆ ಯಾರೋ ಅಡಿಕೆ ಚೀಲ ಮಗುಚಿದಂತೆ ಗಡಗಡ, ಗಡಗಡ. ಹೊಳೆಯ ತಳದಲ್ಲಿ ಕಲ್ಲುಗಳು ಉರುಳುತ್ತಿದ್ದವು. ಹರಕುಮುರುಕು ಇಂಗ್ಲಿಷಿನಲ್ಲಿ ಆತ ಹೇಳಿದ ಮಾತಿನ ಸಾರ ಇಷ್ಟು: ನೀರಿನ ಆಳ ಎಷ್ಟೆಂದು ನಾನು ನೋಡುವುದಿಲ್ಲ, ಕಲ್ಲು ಮಾತನಾಡುವುದನ್ನು ನಿಲ್ಲಿಸಿದ ಮೇಲೆ ದಾಟುತ್ತೇನೆ. ಮೂವತ್ತು ವರ್ಷ ನಾನು ಕರಿಹಲಗೆಯ ಮೇಲೆ ಬಾಣದ ಗುರುತು ಹಾಕಿ ವಿವರಿಸಿದ್ದನ್ನು ಅವನು ಕಿವಿಯಿಂದ ಅಳೆಯುತ್ತಿದ್ದ. ಉರುಳುವ ಕಲ್ಲು ಚಕ್ರಕ್ಕೆ ಬಡಿದರೆ, ತಳದ ಹಾಸು ಜರುಗಿದರೆ, ಯಾವ ಲೋ ಗೇರೂ ಕಾಪಾಡುವುದಿಲ್ಲ.

ಒಂದೂವರೆ ಗಂಟೆ ಕಾದೆವು. ಉಳಿದವರು ಗಡಿಯಾರ ನೋಡಿಕೊಳ್ಳತೊಡಗಿದರು, ಇಬ್ಬರು ಹಣ ವಾಪಸು ಕೇಳುವ ಮಾತೆತ್ತಿದರು. ನನಗಂತೂ ಹಬ್ಬ. ದಂಡೆಯ ಮೇಲೆ ಎರಡು ಬಗೆಯ ಕಲ್ಲುಗಳಿದ್ದವು. ಒಂದು ಕಪ್ಪಗೆ, ಮಂಕಾಗಿ, ಕಣ್ಣಿಗೆ ಹರಳೇ ಕಾಣದಂಥದು. ಮೇಲೆ ಹರಿದು ಬೇಗ ಆರಿದ ಲಾವಾ, ಗೋಡೆಯಿಂದ ಬಿದ್ದದ್ದು. ಇನ್ನೊಂದು ಎಳ್ಳು ಅಕ್ಕಿ ಬೆರೆಸಿದಂತೆ ಕಪ್ಪು ಬಿಳಿ ಹರಳುಗಳಿರುವ ಕಲ್ಲು. ಪರ್ವತದ ಆಳದಲ್ಲೇ ಉಳಿದು ನಿಧಾನವಾಗಿ ಆರಿದ್ದು, ಕಣಿವೆಯ ನಟ್ಟನಡುವಿನಿಂದ ಹೊಳೆ ಹೊತ್ತು ತಂದದ್ದು. ಅಗ್ನಿಪರ್ವತದ ಗಂಟಲಿನ ಕೆಳಗೆ ಏನಿರುತ್ತದೆ ಎಂಬುದನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ ಎಲ್ಲ ಕಡೆಯೂ ಸಿಗುವುದಿಲ್ಲ. ನಾನು ಎರಡನ್ನೂ ಎತ್ತಿಕೊಂಡು ಗುಂಪಿನವರಿಗೆ ತೋರಿಸುತ್ತಿದ್ದಾಗ ಒಬ್ಬ ಮಹಿಳೆ, ಇದೆಲ್ಲ ಸರಿ, ಅಗ್ನಿಪರ್ವತ ಯಾವಾಗ ತೋರಿಸುತ್ತಾರೆ ಎಂದು ಕೇಳಿದರು. ಅಮ್ಮಾ, ನೀವು ಅದರ ಒಳಗೇ ಕುಳಿತು ಬಿಸ್ಕತ್ತು ತಿನ್ನುತ್ತಿದ್ದೀರಿ ಎಂದೆ. ಅವರು ಮೊದಲ ಬಾರಿಗೆ ತಲೆಯೆತ್ತಿ ಸುತ್ತ ನೋಡಿದರು.

ಅಷ್ಟರಲ್ಲಿ ಗೋಡೆಯ ತುಂಬ, ಬರುವಾಗ ಇಲ್ಲದಿದ್ದ ಬಿಳಿಯ ಗೆರೆಗಳು ಮೂಡಿದ್ದವು. ನಾನು ಹದಿನೇಳು ಎಣಿಸಿದೆ. ಆ ಒಂದು ಮಳೆಗೆ ಹುಟ್ಟಿ, ಸಂಜೆಯೊಳಗೆ ಇಲ್ಲವಾಗುವ ಜಲಪಾತಗಳವು. ಕೆಲವು ಗೋಡೆಯ ನಡುವಿನಿಂದಲೇ ಚಿಮ್ಮುತ್ತಿದ್ದವು, ಅಂದರೆ ಅಲ್ಲೊಂದು ಸಡಿಲ ಪದರವಿದೆ, ಅದರ ಕೆಳಗೊಂದು ಚಪ್ಪಡಿಯಿದೆ. ಪಾಠದ ಚಿತ್ರವನ್ನು ನೀರೇ ಬಿಡಿಸಿ ತೋರಿಸುತ್ತಿತ್ತು. ಕೊನೆಗೆ ಗಡಗಡ ಸದ್ದು ನಿಂತಿತು, ಎರಡನೆಯ ಕಲ್ಲಿನಿಂದ ನೀರು ಒಂದು ಗೇಣು ಹಿಂದೆ ಸರಿಯಿತು, ಆತ ಗಾಡಿ ಹತ್ತಿದ. ದಾಟುವುದಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

ನನಗೆ ಕೊಟ್ಟ ಸಮಯದ ಬಹುಪಾಲನ್ನು ಹೊಳೆದಂಡೆಯಲ್ಲೇ ಕಳೆದುಬಿಟ್ಟೆ ಎಂದು ಗಾಜಿನಾಚೆಯಿಂದ ಸನ್ನೆ ಬರುತ್ತಿದೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ಕಣಿವೆಯ ಒಳಗೆ ಫರೆ ಹಪೆ ಎಂಬಲ್ಲಿ ಹಳೆಯ ‘ಮರಾಯೆ’ಗಳಿವೆ, ಅಂದರೆ ಕಲ್ಲು ಹಾಸಿ ಕಟ್ಟಿದ ಪೂಜಾಸ್ಥಾನಗಳು. ಈಗ ಬರಿದಾಗಿ ಕಾಣುವ ಈ ಒಳನಾಡಿನಲ್ಲಿ ಹಿಂದೆ ಜನವಸತಿ ಚೆನ್ನಾಗಿಯೇ ಇತ್ತು. ಅಲ್ಲಿ ಕಲ್ಲುಗಳ ಮೇಲೆ ಹತ್ತಬೇಡಿ, ಒಂದನ್ನೂ ಜೇಬಿಗೆ ಹಾಕಬೇಡಿ. ಇನ್ನೂ ಮೇಲೆ ಹೋದರೆ ಸುರಂಗವೊಂದಿದ್ದು, ಅದರಾಚೆಗೆ ವೈಹಿರಿಯಾ ಸರೋವರವಿದೆ. ಗುಡ್ಡ ಕುಸಿದು ಹೊಳೆಗೆ ಅಡ್ಡಲಾಗಿ ಹುಟ್ಟಿದ ಸರೋವರ, ಇಲ್ಲಿಯೂ ಕೆಲಸ ಗೋಡೆಯದೇ. ಅಲ್ಲಿನ ಹಾವುಮೀನಿನ ತಲೆಯಿಂದ ತೆಂಗಿನ ಮರ ಹುಟ್ಟಿತೆಂಬ ಚಂದದ ಕಥೆಯಿದೆ, ಅದನ್ನು ಇನ್ನೊಮ್ಮೆ ಹೇಳೋಣ. ಆ ಕಡೆಯ ದಾರಿ ತೆರೆದಿದೆಯೇ ಎಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳಿ.

ಜಲಪಾತದ ನೇರ ಕೆಳಗೆ ಸ್ನಾನಕ್ಕೆ ನಿಲ್ಲಬೇಡಿ. ಚಪ್ಪಡಿ ಮುರಿದು ಬೀಳುತ್ತದೆ ಎಂದು ಆಗಲೇ ಹೇಳಿದೆ; ಅದು ನಿಮ್ಮ ಬಿಡುವಿನ ದಿನವನ್ನು ನೋಡಿಕೊಂಡು ಬೀಳುವುದಿಲ್ಲ. ಬುಡದಲ್ಲಿ ಹೊಸದಾಗಿ ಒಡೆದ, ಪಾಚಿ ಹಿಡಿಯದ, ಅಂಚು ಚೂಪಾಗಿರುವ ಕಲ್ಲು ಕಂಡರೆ ಅಲ್ಲಿಂದ ದೂರ ಸರಿಯಿರಿ. ಗೋಡೆಯನ್ನು ನೋಡುವುದು ಬರೀ ವಿದ್ವತ್ತಿಗಲ್ಲ, ತಲೆ ಉಳಿಸಿಕೊಳ್ಳುವುದಕ್ಕೂ ಹೌದು.

ಕೊನೆಯದಾಗಿ, ದಾರಿಯುದ್ದಕ್ಕೂ ಮೊಳದುದ್ದದ ಎಲೆಗಳ, ಎಲೆಯ ಅಡಿಭಾಗ ನೇರಳೆ ಬಣ್ಣವಿರುವ ಗಿಡವೊಂದು ಕಾಣುತ್ತದೆ. ನೋಡಲು ಬಹಳ ಸುಂದರ. ಹೆಸರು ಮೈಕೋನಿಯಾ, ನಮ್ಮ ಕರಾವಳಿ ಮಲೆನಾಡಿನ ನೆಕ್ಕರೆಯ ಕುಟುಂಬದ್ದೇ. 1937ರಲ್ಲಿ ಚಂದಕ್ಕೆಂದು ಅಮೆರಿಕ ಖಂಡದಿಂದ ತಂದು ತೋಟದಲ್ಲಿ ನೆಟ್ಟರು, ಈಗ ದ್ವೀಪದ ಮೂರನೇ ಎರಡು ಭಾಗಕ್ಕೆ ಹಬ್ಬಿದೆ. ಅದನ್ನು ಹಸಿರು ಕ್ಯಾನ್ಸರ್ ಎಂದು ಕರೆಯುತ್ತಾರೆ. ಅದರ ಬೇರು ಆಳಕ್ಕೆ ಇಳಿಯುವುದಿಲ್ಲ, ನೆರಳಿನಲ್ಲಿ ಬೇರೇನೂ ಬೆಳೆಯುವುದಿಲ್ಲ, ಹಾಗಾಗಿ ಇಳಿಜಾರಿನ ಮಣ್ಣು ಜಾರುತ್ತದೆ. ಬೀಜ ಗಸಗಸೆಯಷ್ಟು ಚಿಕ್ಕದು. ಪಪೆನೋದಿಂದ ಹಿಂದಿರುಗುವಾಗ ಬೂಟಿನ ಅಡಿಯ ಮಣ್ಣನ್ನು ಅಲ್ಲಿಯೇ ಹಳೆಯ ಬ್ರಷ್ಷಿನಿಂದ ಉಜ್ಜಿ ತೊಳೆದು, ಪ್ಯಾಂಟಿನ ಮಡಿಕೆಗಳನ್ನೂ ಒಮ್ಮೆ ಕೊಡವಿಕೊಂಡು ವಿಮಾನ ಹತ್ತಿ. ನಮಸ್ಕಾರ.