ಹ್ಯಾಕರ್ ಎಲಿಯಟ್ ಮತ್ತು ಬ್ಯಾಂಕುಗಳು ಹುಟ್ಟಿದ ನಮ್ಮ ಊರು

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಉಡುಪಿಯಲ್ಲಿ ಇಷ್ಟು ಜನ ಸೇರಿದ್ದೀರಿ, ತುಂಬಾ ಖುಷಿಯಾಯ್ತು. 2015ರ ಜೂನ್ 24ಕ್ಕೆ ಅಮೆರಿಕದ ಯುಎಸ್‌ಎ ನೆಟ್‌ವರ್ಕ್ ವಾಹಿನಿಯಲ್ಲಿ ಶುರುವಾದ ‘ಮಿಸ್ಟರ್ ರೋಬೋಟ್’ ಧಾರಾವಾಹಿಯ ಮೊದಲ ಕಂತಿನ ಬಗ್ಗೆ ಮಾತ್ರ ಇವತ್ತು ಮಾತಾಡ್ತೇನೆ. ಸ್ಯಾಮ್ ಎಸ್ಮೇಲ್ ಇದನ್ನು ರೂಪಿಸಿದವರು. ರಾಮಿ ಮಾಲೆಕ್ ನಾಯಕ.

ನಾಯಕನ ಹೆಸರು ಎಲಿಯಟ್. ನ್ಯೂಯಾರ್ಕಿನಲ್ಲಿ ಹಗಲು ಒಂದು ಸೈಬರ್ ಭದ್ರತಾ ಕಂಪನಿಯಲ್ಲಿ ಕೆಲಸ, ರಾತ್ರಿ ಸುತ್ತಮುತ್ತಲಿನವರ ಖಾತೆಗಳಿಗೆ ನುಗ್ಗುವುದು. ಜನರ ಹತ್ತಿರ ಹೋಗಲಿಕ್ಕೆ ಹೆದರಿಕೆ. ಮಾರ್ಫಿನ್ ಅಭ್ಯಾಸ ಬೇರೆ.

ನನಗೆ ತುಂಬಾ ಹಿಡಿಸಿದ್ದು ಒಂದು ಫೋನ್ ಕರೆ. ತನಗೆ ಚಿಕಿತ್ಸೆ ಕೊಡುವ ಮನೋವೈದ್ಯೆಯ ಗೆಳೆಯನ ಮೇಲೆ ಎಲಿಯಟ್‌ಗೆ ಅನುಮಾನ. ಅವನಿಗೆ ಫೋನ್ ಮಾಡಿ, ಬ್ಯಾಂಕಿನ ವಂಚನೆ ತಡೆ ವಿಭಾಗದಿಂದ ಅಂತ ಹೇಳಿ, ನಿಮ್ಮ ಖಾತೆಯಲ್ಲಿ ಏನೋ ತೊಂದರೆಯಾಗಿದೆ, ಸ್ವಲ್ಪ ವಿವರ ಖಚಿತ ಮಾಡ್ಕೊಳ್ಬೇಕು ಅಂತಾನೆ. ವಿಳಾಸ, ಇಷ್ಟದ ಬೇಸ್‌ಬಾಲ್ ತಂಡ, ಸಾಕಿದ ನಾಯಿಯ ಹೆಸರು. ಅಷ್ಟು ಸಾಕು. ಆ ಶಬ್ದಗಳನ್ನೇ ಬೇರೆ ಬೇರೆ ರೀತಿ ಜೋಡಿಸಿ ಪಾಸ್‌ವರ್ಡ್ ಊಹಿಸುವ ಕೆಲಸವನ್ನು ಮತ್ತೆ ಕಂಪ್ಯೂಟರ್ ನೋಡ್ಕೊಳ್ತದೆ. ಮನೋವೈದ್ಯೆಯ ಪಾಸ್‌ವರ್ಡ್ ಇನ್ನೂ ಸುಲಭ: ಇಷ್ಟದ ಹಾಡುಗಾರನ ಹೆಸರು, ಹುಟ್ಟಿದ ವರ್ಷ ಹಿಂದುಮುಂದಾಗಿ. ನಮ್ಮಲ್ಲಿ ಎಷ್ಟು ಜನರ ಪಾಸ್‌ವರ್ಡ್ ಮಗುವಿನ ಹೆಸರು ಮತ್ತು ಹುಟ್ಟಿದ ವರ್ಷ, ಹೇಳಿ ನೋಡುವ!

‘ನಿಮ್ಮ ಎಟಿಎಂ ಕಾರ್ಡ್ ಬ್ಲಾಕ್ ಆಗಿದೆ, ಹದಿನಾರು ಅಂಕೆ ಹೇಳಿ’ ಅಂತ ನಮ್ಮ ಊರಿನ ಅಮ್ಮಂದಿರಿಗೆ ಬರುವ ಕರೆಯೂ ಇದೇ ಅಲ್ವಾ? ಸಿನಿಮಾಗಳಲ್ಲಿ ಪರದೆ ತುಂಬ ಹಸಿರು ಅಕ್ಷರ ಓಡಿಸಿ, ಟಪಟಪ ಕೀಲಿ ಒತ್ತಿ ಹ್ಯಾಕಿಂಗ್ ಅಂತ ತೋರಿಸ್ತಾರೆ. ಇಲ್ಲಿ ನಂಬಿಸುವ ಮಾತೇ ಮುಖ್ಯ ಆಯುಧ. ಅದಕ್ಕೇ ಇದು ನಿಜ ಅನಿಸ್ತದೆ, ಹೆದರಿಕೆಯೂ ಆಗ್ತದೆ.

ಒಂದು ತಕರಾರಿದೆ. ಕಾಫಿ ಅಂಗಡಿಯ ಮಾಲೀಕ ಟಾರ್ ಜಾಲದಲ್ಲಿ, ಅಂದರೆ ಯಾರು ಎಲ್ಲಿಂದ ಬಂದರು ಅಂತ ಗೊತ್ತಾಗದ ಹಾಗೆ ಮರೆಮಾಡುವ ಜಾಲದಲ್ಲಿ, ಅಡಗಿಸಿಟ್ಟ ಹೊಲಸು ಸೈಟನ್ನು ಎಲಿಯಟ್ ಪತ್ತೆ ಮಾಡ್ತಾನೆ, ಎಕ್ಸಿಟ್ ನೋಡ್, ಅಂದರೆ ಟಾರ್‌ನಿಂದ ಹೊರಗೆ ಬಿಡುವ ಕೊನೆಯ ಕಂಪ್ಯೂಟರ್, ಯಾರ ಕೈಯಲ್ಲಿದೆಯೋ ಎಲ್ಲ ಅವರ ಕೈಯಲ್ಲಿ ಅಂತಾನೆ. ಟಾರ್ ಮೂಲಕ ಹೊರಗಿನ ಸೈಟಿಗೆ ಹೋದರೆ ಆ ಮಾತಿಗೆ ಅರ್ಥ ಇದೆ, ಯಾಕಂದ್ರೆ ದಾರಿಯಲ್ಲಿ ದಾಟುವ ಮೂರು ಕಂಪ್ಯೂಟರ್‌ಗಳಲ್ಲಿ ಕೊನೆಯದು ಹೊರಗೆ ಹೋಗುವ ಸಂಚಾರವನ್ನು ನೋಡಬಹುದು. ಆದರೆ ಟಾರ್ ಒಳಗೇ ಅಡಗಿದ ಸೈಟಿಗೆ ಹೋಗುವಾಗ ಎಕ್ಸಿಟ್ ನೋಡ್ ಬರುವುದೇ ಇಲ್ಲ. ನೆಟ್‌ವರ್ಕಿಂಗ್ ಓದುವ ಮಕ್ಕಳು ಇದನ್ನು ಗಮನಿಸಬೇಕು. ಹಾಗಂತ ದೃಶ್ಯದ ಬಿಸಿ ಏನೂ ಕಡಿಮೆಯಾಗುವುದಿಲ್ಲ.

ಕ್ಯಾಮೆರಾ ಎಲಿಯಟ್‌ನನ್ನು ಚೌಕಟ್ಟಿನ ಕೆಳಮೂಲೆಗೆ ತಳ್ಳಿ, ತಲೆಯ ಮೇಲೆ ಖಾಲಿ ಗೋಡೆ ಬಿಡ್ತದೆ. ಮುಖದಲ್ಲಿ ಭಾವನೆ ಕಮ್ಮಿ, ಕಣ್ಣು ಮಾತ್ರ ಅಗಲ. ಅವನು ಮನಸ್ಸು ಬಿಚ್ಚಿ ಮಾತಾಡುವುದು ತಾನೇ ಕಲ್ಪಿಸಿಕೊಂಡ ಒಬ್ಬ ಗೆಳೆಯನ ಹತ್ತಿರ, ಅಂದರೆ ನೋಡುವ ನಮ್ಮ ಹತ್ತಿರ. ಕೋಣೆಯ ಮೂಲೆಯಲ್ಲಿ ಕೂತು ಅವನು ಅಳುವಾಗ ನನ್ನ ಗಂಟಲು ಕಟ್ಟಿತು. ಎಲ್ಲರ ಗುಟ್ಟು ಗೊತ್ತಿದ್ದೂ ಯಾರೂ ಇಲ್ಲದವನು.

ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ, ಜಾತ್ರೆಯಲ್ಲಿ ತಿರುಗುವಂಥ ದೊಡ್ಡ ತೊಟ್ಟಿಲಲ್ಲಿ ಕೂತು ಮಿಸ್ಟರ್ ರೋಬೋಟ್ ಎಂಬ ನಿಗೂಢ ಮನುಷ್ಯ (ನಟ ಕ್ರಿಶ್ಚಿಯನ್ ಸ್ಲೇಟರ್) ಎಲಿಯಟ್‌ಗೆ ತನ್ನ ಯೋಜನೆ ಹೇಳ್ತಾನೆ. ಜನರ ಸಾಲದ ಲೆಕ್ಕ ಇಟ್ಟಿರುವ ಒಂದು ದೈತ್ಯ ಕಂಪನಿಯ ದಾಖಲೆ ಅಳಿಸಿದರೆ ಜನರ ಸಾಲವೆಲ್ಲ ಮಾಯ! ಕೇಳಲಿಕ್ಕೆ ಮೈ ಜುಮ್ ಅನ್ನುತ್ತದೆ. ಆದರೆ ನಾವು ಕೂತಿರುವುದು ಎಲ್ಲಿ ನೋಡಿ. 1906ರಲ್ಲಿ ಮಂಗಳೂರಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಇಲ್ಲೇ ಸಿಂಡಿಕೇಟ್ ಬ್ಯಾಂಕ್. ಸಿಂಡಿಕೇಟಿನವರು 1928ರಲ್ಲಿ ಪಿಗ್ಮಿ ಎಂಬ ಸಣ್ಣ ಉಳಿತಾಯ ಯೋಜನೆ ಶುರು ಮಾಡಿ, ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸಿದರು. ಸಾಲದ ಲೆಕ್ಕದ ಆಚೆ ಬದಿಯಲ್ಲಿ ಇಂಥ ಎರಡಾಣೆಯೂ ಇರ್ತದೆ. ಮೀನು ಮಾರುವ ಅಕ್ಕನ, ಬೀಡಿ ಕಟ್ಟುವ ಅಮ್ಮನ ಉಳಿತಾಯ.

ದಾಖಲೆ ಸುಟ್ಟರೆ ಅವರ ಹಣದ ಗತಿ ಏನು? ಈ ಧಾರಾವಾಹಿ ನಿಜಕ್ಕೂ ಗಟ್ಟಿಯಾಗಿದ್ದರೆ ಮುಂದಿನ ಕಂತುಗಳಲ್ಲಿ ಎಲಿಯಟ್ ಈ ಪ್ರಶ್ನೆಯನ್ನು ಎದುರಿಸಲೇಬೇಕು. ನಾನಂತೂ ಅದಕ್ಕೇ ಕಾಯ್ತಾ ಇದ್ದೇನೆ. ಈಗ ನೀವು ಹೇಳಿ, ಅವನ ಜಾಗದಲ್ಲಿ ನೀವಿದ್ದರೆ ಆ ಕೆಲಸಕ್ಕೆ ಒಪ್ಪುತ್ತಿದ್ರಾ?