ಟನ್ನಿಗೆ ಆರು ಶಿಲ್ಲಿಂಗ್

ಕೇಳುಗರಿಗೆ ನಮಸ್ಕಾರ. ವಾಣಿಜ್ಯ ಓದುವ ಮಕ್ಕಳು ಪೆನ್ಸಿಲ್ ಹಿಡಿದು ಕೂತರೆ ಒಳ್ಳೆಯದು, ಇವತ್ತು ಸ್ವಲ್ಪ ಲೆಕ್ಕವಿದೆ.

ನೆವಿಲ್ ಗ್ಯಾಸ್ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಫಿರಂಗಿದಳದ ಅಧಿಕಾರಿ, ಮಿಲಿಟರಿ ಕ್ರಾಸ್ ಪಡೆದವರು. ಮುಂದೆ ಆಂಗ್ಲೋ-ಇರಾನಿಯನ್ ಎಣ್ಣೆ ಕಂಪನಿಯಲ್ಲಿ, ಅಂದರೆ ಇಂದಿನ ಬಿಪಿಯಲ್ಲಿ, ಮೇಲೇರಿದರು. ಅವರ ಹೆಸರು ಉಳಿದಿರುವುದು ಒಂದು ಒಪ್ಪಂದದಿಂದ.

1933ರ ಕರಾರಿನಂತೆ ಇರಾನಿನ ಎಣ್ಣೆಗೆ ಕಂಪನಿ ಆ ದೇಶಕ್ಕೆ ಕೊಡುತ್ತಿದ್ದುದು ಟನ್ನಿಗೆ 4 ಶಿಲ್ಲಿಂಗ್ ರಾಜಧನ, ಅಂದರೆ ರಾಯಲ್ಟಿ. ಜೊತೆಗೆ, ಷೇರುದಾರರಿಗೆ ಹಂಚಿದ ಲಾಭಾಂಶ 6,71,250 ಪೌಂಡ್ ದಾಟಿದರೆ, ದಾಟಿದ್ದರಲ್ಲಿ ಶೇ. 20. ಗಮನಿಸಿ, ಗಳಿಸಿದ್ದರಲ್ಲಲ್ಲ, ಹಂಚಿದ್ದರಲ್ಲಿ. ಯುದ್ಧಾನಂತರ ಲಂಡನ್ ಸರ್ಕಾರ ಲಾಭಾಂಶ ಏರಿಸಬೇಡಿ ಎಂದಿತು. ಇರಾನಿನ ಪಾಲು ಅಲ್ಲಿಗೇ ನಿಂತಿತು. ಮಾವಿನ ತೋಪನ್ನು ಹೂವಿರುವಾಗಲೇ ಗುತ್ತಿಗೆ ಕೊಟ್ಟ ಹಾಗೆ: ಹಣ್ಣಿನ ಧಾರಣೆ ಏರಿದರೂ ತೋಪಿನವನಿಗೆ ಮಾತಾಡಿದಷ್ಟೇ. ಟನ್ ಲೆಕ್ಕ ಬೇರೆ, ಲಾಭದ ಲೆಕ್ಕ ಬೇರೆ!

ಫಿರಂಗಿಯವರು ಗುಂಡು ಗುರಿಯಾಚೆ ಬಿದ್ದರೆ ದೂರ ತಗ್ಗಿಸುತ್ತಾರೆ, ಈಚೆ ಬಿದ್ದರೆ ಏರಿಸುತ್ತಾರೆ, ಅಂತರವನ್ನು ಅರ್ಧರ್ಧ ಮಾಡುತ್ತ ಗುರಿ ಮುಟ್ಟುತ್ತಾರೆ. ಗ್ಯಾಸ್ ಕೂಡ ಅಂಕಿ ತಿದ್ದಿದರು. 1949ರ ಜುಲೈ 17ರಂದು ಇರಾನಿನ ಹಣಕಾಸು ಸಚಿವ ಗೊಲ್ಶಾಯನ್ ಜೊತೆ ಸಹಿ ಹಾಕಿದರು: 4ರ ಬದಲು 6 ಶಿಲ್ಲಿಂಗ್. ಪೌಂಡಿಗೆ 20 ಶಿಲ್ಲಿಂಗ್ ತಾನೆ? ಹತ್ತು ಲಕ್ಷ ಟನ್ನಿಗೆ 2 ಲಕ್ಷ ಪೌಂಡ್ ಬರುತ್ತಿದ್ದುದು 3 ಲಕ್ಷವಾಯಿತು. ವರ್ಷಕ್ಕೆ ಕನಿಷ್ಠ 40 ಲಕ್ಷ ಪೌಂಡಿನ ಖಾತ್ರಿ ಬೇರೆ. ಕಡಿಮೆಯೇನಲ್ಲ. ಆದರೆ ಮತ್ತೆ ಟನ್ ಲೆಕ್ಕ!

ಆಮೇಲಿನ ತಮಾಷೆ ಕೇಳಿ. ಇರಾನಿನ ಸಂಸತ್ತು ಮಜ್ಲಿಸ್‌ನ ಅವಧಿ ಮುಗಿಯಲು ಕೆಲವೇ ದಿನ ಉಳಿದಿತ್ತು. ಅಷ್ಟರಲ್ಲಿ ಮಂಜೂರಾತಿ ಸಿಗಬೇಕು. ಹುಸೇನ್ ಮಕ್ಕಿ ಎಂಬ ಸದಸ್ಯರು ಎದ್ದು ಮಾತು ಶುರು ಮಾಡಿದರು. ಆ ದಿನ ಮುಗಿಯಲಿಲ್ಲ, ಮರುದಿನವೂ ಮುಗಿಯಲಿಲ್ಲ. ದಿನಗಟ್ಟಲೆ ಅದೇ ಎಣ್ಣೆಯ ವಿಷಯ. ಅಧ್ಯಕ್ಷರು ಸುಮ್ಮನಿರಿಸುವಂತಿಲ್ಲ, ಮಾತು ನಿಲ್ಲದೆ ಮತಕ್ಕೆ ಹಾಕುವಂತಿಲ್ಲ. ಸದನದ ಅವಧಿಯೇ ತೀರಿತು, ಒಪ್ಪಂದ ಮೇಜಿನ ಮೇಲೇ ಉಳಿಯಿತು.

ಮುಂದಿನ ಸದನದ ಎಣ್ಣೆ ಸಮಿತಿ, ಸಂಸದ ಮೊಸದ್ದೆಗ್ ಅಧ್ಯಕ್ಷತೆಯಲ್ಲಿ, 1950ರ ಕೊನೆಗೆ ಅದನ್ನು ತಿರಸ್ಕರಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಪಕ್ಕದ ಸೌದಿ ಅರೇಬಿಯಾಕ್ಕೆ ಅಮೆರಿಕದ ಎಣ್ಣೆ ಕಂಪನಿ ಅರಾಮ್ಕೊ ಲಾಭದಲ್ಲಿ ಅರ್ಧ ಕೊಡಲು ಒಪ್ಪಿತು. ಲಾಭದ ಲೆಕ್ಕ! ಇನ್ನು ಆರು ಶಿಲ್ಲಿಂಗ್ ಯಾರಿಗೆ ಬೇಕು?

ಸಮಯ ಓಡುತ್ತಿದೆ. 1951ರಲ್ಲಿ ಇರಾನಿನ ಎಣ್ಣೆಯ ರಾಷ್ಟ್ರೀಕರಣ. 1954ರಲ್ಲಿ ಎಣ್ಣೆ ಕಂಪನಿಗಳ ಹೊಸ ಒಕ್ಕೂಟದಲ್ಲಿ ಗ್ಯಾಸ್ ಅವರ ಕಂಪನಿಗೆ ಸಿಕ್ಕಿದ್ದು ಶೇ. 40 ಪಾಲು, ಇರಾನಿಗೆ ಅರ್ಧ ಲಾಭ. ಗ್ಯಾಸ್ 1957ರಿಂದ 1960ರವರೆಗೆ ಬಿಪಿಯ ಅಧ್ಯಕ್ಷರಾಗಿದ್ದರು. ನಮಸ್ಕಾರ.